ಎಂಟು ಪವನ್ನಿನ ಗುಳಿಕೆನ್ನೆ

ಪದದ ಅರ್ಥ ಗೊತ್ತಿಲ್ಲದಿದ್ದರೆ ಹೆದರಬಾರದು. ಅದರ ಅಕ್ಕಪಕ್ಕ ನೋಡಬೇಕು. ಹಿಂದಿನ ವಾಕ್ಯ ಏನು, ಮುಂದಿನ ವಾಕ್ಯ ಏನು, ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಹೇಳಿದರು, ಇಷ್ಟನ್ನು ಗಮನಿಸಿದರೆ ಸಾಕು, ಎಂಥ ಮೊಂಡು ಪದವೂ ಕೈಯೆತ್ತಿ ತನ್ನ ಅರ್ಥವನ್ನು ತಾನೇ ಒಪ್ಪಿಕೊಳ್ಳುತ್ತದೆ.

ಇದು ನಾನು ಕೊಯಮತ್ತೂರಿನ ಪೀಳಮೇಡಿನ ಒಂದು ಕೋಚಿಂಗ್ ಸೆಂಟರಿನಲ್ಲಿ ವಾರಕ್ಕೆ ಐದು ದಿನ ಮಾಡುವ ಪಾಠ. ಬ್ಯಾಂಕ್ ಪರೀಕ್ಷೆಗೆ ಓದುವವರು ನನ್ನ ಮುಂದೆ ಕೂರುತ್ತಾರೆ. ಇಂಗ್ಲಿಷಿನ ಒಂದು ವಾಕ್ಯ, ಅದರಲ್ಲೊಂದು ಖಾಲಿ ಜಾಗ, ಕೆಳಗೆ ನಾಲ್ಕು ಪದ. ಸರಿಯಾದದ್ದನ್ನು ಆರಿಸಬೇಕು. ಯಾರಾದರೂ ‘ಈ ಪದ ನಂಗೊತ್ತಿಲ್ಲ ಮ್ಯಾಮ್’ ಎಂದರೆ ನಾನು ಮುಗುಳ್ನಕ್ಕು, ‘ಗೊತ್ತಿರಬೇಕಾಗಿಲ್ಲ, ಸುಳಿವು ಹಿಡಿಯಿರಿ’ ಎನ್ನುತ್ತೇನೆ. ಆ ಮುಗುಳ್ನಗೆಯನ್ನು ನೆನೆದರೆ ಈಗ ನನಗೇ ಹೊಡೆಯಬೇಕೆನ್ನಿಸುತ್ತದೆ.

ಕಾಲೇಜಿನಲ್ಲಿದ್ದಾಗ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಗೆದ್ದ ಕಪ್ಪುಗಳು ನಾಲ್ಕಿವೆ. ಅವುಗಳಲ್ಲಿ ದೊಡ್ಡದರಲ್ಲಿ ಅಮ್ಮ ಒಣಮೆಣಸಿನಕಾಯಿ ತುಂಬಿಟ್ಟಿದ್ದಾಳೆ. ಆ ಸ್ಪರ್ಧೆಗಳಿಂದ ನನಗೆ ಉಳಿದದ್ದು ಒಂದೇ ಪ್ರಶ್ನೆ: ‘ಆಧಾರ ಏನು?’ ಮನೆಯಲ್ಲಿ ಯಾರು ಏನೇ ಹೇಳಲಿ, ನಾಳೆ ಮಳೆ ಬರಬಹುದು ಎನ್ನಲಿ, ಸಾಂಬಾರಿಗೆ ಉಪ್ಪು ಸರಿಯಾಗಿದೆ ಎನ್ನಲಿ, ನಾನು ಕೇಳುವುದು ಅದನ್ನೇ. ಅಪ್ಪ ಅನ್ನೂರಿನ ಕಡೆಯ ಮಗ್ಗಗಳಿಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಶಾಂತ ಮನುಷ್ಯ. ನಾನು ಬಾಯಿ ತೆರೆದರೆ ಅವರು ಚಪ್ಪಲಿ ಹುಡುಕುತ್ತಾರೆ.

ನಮ್ಮದು ಕನ್ನಡ ಮಾತಾಡುವ ಮನೆ. ಎಷ್ಟು ತಲೆಮಾರಿನಿಂದ ಕೊಯಮತ್ತೂರಿನಲ್ಲಿದ್ದೇವೆಂದು ಯಾರಿಗೂ ಲೆಕ್ಕವಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಷ್ಟೋ ಸಲ ತಮಿಳು ಚಪ್ಪಲಿ ಬಿಚ್ಚದೆ ಹಾಗೇ ಒಳಗೂ ಬಂದು ಕೂರುತ್ತದೆ. ಮಾತು ಸರಿ, ಆದರೆ ಅಕ್ಷರ? ಕನ್ನಡ ಲಿಪಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಕಳೆದ ವರ್ಷ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಹಟ ಹಿಡಿದು, ಒತ್ತಕ್ಷರಗಳ ಮೆಟ್ಟಿಲುಗಳಲ್ಲಿ ಎಡವಿ ಬಿದ್ದು, ಕಡೆಗೆ ಓದಲು ಬರೆಯಲು ಕಲಿತೆ. ಹೀಗಾಗಿ ಇಡೀ ಮನೆಗೆ ಕನ್ನಡದಲ್ಲಿ ನಾನೊಬ್ಬಳೇ ಅಕ್ಷರಸ್ಥೆ. ಈ ಅಧಿಕಾರವನ್ನು ಯಾರೂ ನನಗೆ ಕೊಟ್ಟದ್ದಲ್ಲ. ನಾನೇ ತೆಗೆದುಕೊಂಡದ್ದು.

ಹೀಗಿರುವಾಗ ನನ್ನ ಅಕ್ಕ ಸುಧಾಳನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಪ್ರಸನ್ನ, ಎರಡು ವರ್ಷದಿಂದ ಪೀಳಮೇಡಿನ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾನೆ. ತಾಯಿ ವಿಮಲಮ್ಮ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಮ್ಮ ಹಿಂದಿನ ದಿನವೇ ಬ್ಯಾಂಕಿಗೆ ಹೋಗಿ ಲಾಕರಿನಿಂದ ಅಜ್ಜಿಯ ಹಳೆಯ ಅಡ್ಡಿಕೆ, ಸರ, ಜುಮುಕಿ ಎಲ್ಲ ತಂದು ಅಕ್ಕನ ಮೇಲೆ ಹೇರಿದ್ದಳು. ಮಾತಿನ ಮಧ್ಯೆ ಅಪ್ಪ ಜಾತಕದ ವಿಷಯ ಎತ್ತಿದರು. ನನಗೆ ತಡೆಯಲಾಗಲಿಲ್ಲ.

“ಜಾತಕ ಹೊಂದಿದ್ರೆ ಮನಸ್ಸು ಹೊಂದುತ್ತೆ ಅನ್ನೋಕೆ ಆಧಾರ ಏನು?” ಎಂದು ಕೇಳಿಬಿಟ್ಟೆ.

ಅಪ್ಪನ ಕೈ ಚಪ್ಪಲಿ ಹುಡುಕುವಂತೆ ಕುರ್ಚಿಯ ಕೆಳಗೆ ಹೋಯಿತು. ಅದನ್ನು ಕಂಡು ಅಕ್ಕ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲದ ನಗು. ಮೂಲೆಯಲ್ಲಿದ್ದ ಅಜ್ಜಿಯೂ ನಕ್ಕಳು. ಬಂದವರೂ ನಕ್ಕರು. ನಾನೊಬ್ಬಳೇ ಗಂಭೀರವಾಗಿ ಉತ್ತರಕ್ಕೆ ಕಾದಿದ್ದೆ.

ಅವರು ಹೊರಟ ಮೇಲೆ ಅಕ್ಕ ಎರಡು ದಿನ ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ಹುಡುಗ ಅವಳಿಗೆ ಒಪ್ಪಿಗೆ ಎಂಬುದನ್ನು ತಿಳಿಯಲು ಯಾವ ಸುಳಿವಿನ ಪಾಠವೂ ಬೇಕಿರಲಿಲ್ಲ. ಮೂರು ಸಂಬಂಧ ತಾನೇ ಬೇಡವೆಂದವಳು, ಈ ಸಲ ಪೂಜೆಗೆ ತಾನೇ ಹೂ ಕಟ್ಟುತ್ತಿದ್ದಳು.

ಮೂರನೆಯ ದಿನ ಅಪ್ಪನ ಫೋನಿಗೆ ವಿಮಲಮ್ಮನವರಿಂದ ಮೆಸೇಜು ಬಂತು. ಕನ್ನಡ ಅಕ್ಷರದಲ್ಲಿ!

“ಏಯ್ ರೇವತಿ, ಸೀಕ್ರ ಬಾಡೀ! ಓದು, ಓದು!” ಅಮ್ಮ ಅಡುಗೆಮನೆಯಿಂದ ಸೌಟಿನ ಸಮೇತ ಓಡಿ ಬಂದಳು.

ನಾನು ನಿಧಾನವಾಗಿ ಕನ್ನಡಕ ಒರೆಸಿಕೊಂಡೆ. ಇಂಥ ಗಳಿಗೆಗಳನ್ನು ಆತುರದಲ್ಲಿ ಕಳೆಯಬಾರದು. ಆಮೇಲೆ ಓದಿದೆ:

‘ಎಲ್ಲರಿಗೂ ನಮಸ್ಕಾರ. ಸುಧಾ ನಮ್ಮೆಲ್ಲರಿಗೂ ಒಪ್ಪಿಗೆ. ಅವತ್ತು ಅವಳ ಗುಳಿಕೆನ್ನೆಯ ನಗೆ ನೋಡಿ ನಮ್ಮ ಯಜಮಾನರು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದರು. ಅದು ಅಜ್ಜಿಯಿಂದ ಬಂದದ್ದೆಂದು ನೋಡಿದ ಕೂಡಲೇ ತಿಳಿಯಿತು. ನಮಗೆ ಬೇರೇನೂ ಬೇಡ, ಆ ನಗೆಯೊಂದು ಸಾಕು. ಮದುವೆಯ ದಿನ ಮಾತ್ರವಲ್ಲ, ದಿನವೂ ಅದು ನಮ್ಮ ಮನೆಯಲ್ಲಿ ಕಾಣುತ್ತಿರಬೇಕು.’

ಇಲ್ಲಿ ಒಂದು ಮಾತು ಹೇಳದಿದ್ದರೆ ನನಗೆ ಅನ್ಯಾಯವಾಗುತ್ತದೆ. ತಮಿಳಿನಲ್ಲಿ ‘ನಗೈ’ ಎಂದರೆ ಒಡವೆ. ನಮ್ಮೂರಿನ ಒಡವೆ ಅಂಗಡಿಗಳ ಬೋರ್ಡಿನಲ್ಲೆಲ್ಲ ಆ ಪದವೇ ಇದೆ. ಅದು ಎಂದೋ ನಮ್ಮ ಮನೆಯ ಕನ್ನಡದೊಳಗೂ ಬಂದು, ‘ನಗೆ’ ಎಂದು ಹೆಸರು ಬದಲಿಸಿಕೊಂಡು ನೆಲೆಸಿದೆ. ನಗುವುದಕ್ಕೆ ನಮ್ಮಲ್ಲಿ ‘ನಗು’ ಇದೆ, ‘ಸಿರಿಪ್ಪು’ ಇದೆ. ‘ನಗೆ’ ಎಂದರೆ ಕತ್ತಿನಲ್ಲಿರುವುದು, ಬಾಯಲ್ಲಿರುವುದಲ್ಲ!

ಆದರೂ ನಾನು ಆತುರಪಡಲಿಲ್ಲ. ನನ್ನ ಪಾಠದ ಪ್ರಕಾರವೇ ನಡೆದೆ. ಹೇಳಿದವರು ಯಾರು? ಗಂಡಿನ ತಾಯಿ. ಯಾವಾಗ? ಮದುವೆ ಮಾತುಕತೆಯಲ್ಲಿ. ಹಿಂದಿನ ವಾಕ್ಯ? ‘ಅಜ್ಜಿಯಿಂದ ಬಂದದ್ದು.’ ಅಕ್ಕ ಹಾಕಿಕೊಂಡದ್ದು ಅಜ್ಜಿಯ ಒಡವೆ ತಾನೇ? ಮುಂದಿನ ವಾಕ್ಯ? ‘ದಿನವೂ ನಮ್ಮ ಮನೆಯಲ್ಲಿ ಕಾಣುತ್ತಿರಬೇಕು.’ ಅಂದರೆ ಲಾಕರ್ ನಮ್ಮಲ್ಲಿರಬಾರದು! ಎಲ್ಲ ಸುಳಿವುಗಳೂ ಸಾಲಾಗಿ ನಿಂತು ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಇಷ್ಟು ಸ್ಪಷ್ಟವಾದ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಾನು ಅದನ್ನು ಸುಲಭವಾಯಿತೆಂದು ದೂರುತ್ತಿದ್ದೆ.

“ನಗೆ ಕೇಳ್ತಾ ಇದ್ದಾರೆ,” ಎಂದು ಘೋಷಿಸಿದೆ.

ಸೌಟಿನಿಂದ ರಸ ತೊಟ್ಟಿಕ್ಕಿತು.

“ಗುಳಿಕೆನ್ನೆ ಅಂದ್ರೆ ಏನು?” ಎಂದಳು ಅಮ್ಮ.

ಅದು ನನಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೆನ್ನೆಗೆ ‘ಗಲ್ಲ’ ಎನ್ನುತ್ತೇವೆ. ಆದರೆ ಗೊತ್ತಿರಬೇಕಾಗಿಲ್ಲವಲ್ಲ! ‘ಗುಳಿಕೆನ್ನೆಯ ನಗೆ’ ಎಂದರೆ ‘ಮುತ್ತಿನ ಸರ’ ಎಂದಂತೆ. ಆದ್ದರಿಂದ ಅದೊಂದು ಬಗೆಯ ಒಡವೆ.

“ಅದೊಂದು ಡಿಸೈನು,” ಎಂದೆ.

“ನಮ್ಮತ್ರ ಇಲ್ವೇ ಅದು! ಅತ್ತೆ, ನಿಮ್ಮತ್ರ ಗುಳಿಕೆನ್ನೆ ಇತ್ತಾ?” ಅಮ್ಮ ಅಜ್ಜಿಯ ಕಿವಿಯ ಹತ್ತಿರ ಕೂಗಿದಳು. ಅಜ್ಜಿಗೆ ಕಿವಿ ಸ್ವಲ್ಪ ಮಂದ.

“ಏನ್ ಕೇಳ್ತಾರಂತೆ?” ಎಂದಳು ಅಜ್ಜಿ.

“ಒಡವೆ ಅಜ್ಜಿ, ಒಡವೆ!” ಎಂದೆ ನಾನು. ಅಜ್ಜಿ ಹಳೆಯ ಕಾಲದವಳು, ಒಡವೆಗೆ ಒಡವೆ ಎಂದೇ ಅನ್ನುತ್ತಾಳೆ. ಅವಳಿಗೆ ಸುಲಭವಾಗಲೆಂದು ಪದ ಬದಲಿಸಿದೆ. ಮೂಲದ ‘ನಗೆ’ ಪದವನ್ನೇ ಅವಳ ಕಿವಿಗೆ ಹಾಕಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಸಹಾಯ ಮಾಡುವ ಸ್ವಭಾವದವಳು!

“ಅಂಥೋಳ ಹಂಗೆ ಕಾಣ್ಲಿಲ್ವೇ ಕಣ್ಣು,” ಎಂದಳು ಅಜ್ಜಿ, ನನ್ನನ್ನು ಮುದ್ದಿನಿಂದ ಕರೆಯುತ್ತ. “ನನ್ನ ಪಕ್ಕದಾಗೆ ಕೂತು ಅಷ್ಟೊತ್ತು ಮಾತಾಡಿಸಿದ್ಳು. ಅಂಥೋಳು ಒಡವೆ ಕೇಳ್ತಾಳಾ?”

“ಆಧಾರ ಏನು ಅಜ್ಜಿ?”

“ಪ್ರಸನ್ನ ಅಂಥ ಮನೆಯೋರಲ್ಲ ರೇವತಿ,” ಎಂದಳು ಅಕ್ಕ. ಅವಳ ದನಿ ಸಣ್ಣಗಾಗಿತ್ತು. “ನಾನು ಒಂದ್ಸಾರಿ ಫೋನ್ ಮಾಡಿ ಕೇಳ್ತೀನಿ.”

“ಕೂಡದು! ನೀನು ಫೋನ್ ಮಾಡಿದ್ರೆ ನೀನು ಸೋತ ಹಾಗೆ. ಬರವಣಿಗೆಗೆ ಬರವಣಿಗೆಯಲ್ಲೇ ಉತ್ತರ.”

ಅಕ್ಕ ಫೋನನ್ನು ಮಗುಚಿ ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು. ಕಟ್ಟುತ್ತಿದ್ದ ಹೂ ಅರ್ಧಕ್ಕೇ ನಿಂತಿತ್ತು. ಅದನ್ನು ನೋಡಿ ನನ್ನ ರಕ್ತ ಕುದಿಯಿತು. ನನ್ನ ಅಕ್ಕನ ಸಂತೋಷವನ್ನು ಚಿನ್ನದ ತಕ್ಕಡಿಯಲ್ಲಿ ತೂಗುತ್ತಾರೆಯೇ? ಇದನ್ನು ಬಿಡುವುದಿಲ್ಲ! ಅಂದು ಮಾಡಿದ ಶಪಥದಷ್ಟು ದೃಢವಾದ ಶಪಥವನ್ನು ನಾನು ಜೀವನದಲ್ಲಿ ಮಾಡಿಲ್ಲ. ಅಷ್ಟು ಅನಗತ್ಯವಾದದ್ದನ್ನೂ ಮಾಡಿಲ್ಲ.

ಆದರೆ ವಾದಕ್ಕೆ ಮೊದಲು ಸಾಕ್ಷ್ಯ ಬೇಕು. ಅಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಟೌನ್‌ಹಾಲ್ ಕಡೆಯ ಒಂದು ಒಡವೆ ಅಂಗಡಿಗೆ ಹೋದೆ. ಗಲ್ಲಾದ ಹತ್ತಿರ ಹಣೆತುಂಬ ವಿಭೂತಿ ಹಚ್ಚಿಕೊಂಡ ಒಬ್ಬರು ಕುಳಿತಿದ್ದರು.

“ಗುಳಿಕೆನ್ನೆ ಇದೆಯಾ?” ಎಂದು ತಮಿಳಿನಲ್ಲಿ ಕೇಳಿದೆ.

ಅವರು ಒಂದು ಕ್ಷಣ ಕಣ್ಣು ಮಿಟುಕಿಸಿದರು. ಒಂದೇ ಕ್ಷಣ! ಆಮೇಲೆ ಮುಖ ಅರಳಿತು.

“ಗುಳಿಕೆನ್ನೆಯಾ? ಇರುಕ್ಕುಂಗ ಮೇಡಂ! ಕರ್ನಾಟಕಾ ಮಾಡಲ್ ತಾನುಂಗೆ?”

ನಾನು ಅಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದೆ. ಇದೆಯಂತೆ! ನೋಡು, ನನ್ನ ಊಹೆ!

“ಈಗ ಸ್ಟಾಕಿಲ್ಲ, ಆರ್ಡರ್ ಕೊಟ್ಟರೆ ಹತ್ತು ದಿನದಲ್ಲಿ ಮಾಡಿಸಿಕೊಡುತ್ತೇವೆ,” ಎಂದು ಅವರು ತಮಿಳಿನಲ್ಲಿ ಮುಂದುವರಿಸಿದರು. ಎಷ್ಟು ಪವನ್ ಆಗುತ್ತದೆ ಎಂದು ಅಮ್ಮ ಕೇಳಿದಳು. ಒಂದು ಪವನ್ ಎಂದರೆ ಎಂಟು ಗ್ರಾಂ ಚಿನ್ನ. ಅವರು ಅಮ್ಮನ ಕತ್ತು ನೋಡಿದರು, ನನ್ನ ಚಪ್ಪಲಿ ನೋಡಿದರು, ಛಾವಣಿ ನೋಡಿದರು.

“ಎಂಟು ಪವನ್ನಿಗೆ ಚೆನ್ನಾಗಿ ಬರುತ್ತೆ. ಅದಕ್ಕಿಂತ ಕಮ್ಮಿಯಾದರೆ ಗುಳಿಕೆನ್ನೆ ಎದ್ದು ಕಾಣಲ್ಲ.”

ಅಂದು ಆ ಅಂಗಡಿಯಲ್ಲಿ ಪದದ ಅರ್ಥ ತಿಳಿಯದವರು ಇಬ್ಬರಿದ್ದೆವು. ಇಬ್ಬರೂ ಸಂದರ್ಭ ನೋಡಿ ಊಹಿಸಿದೆವು. ವ್ಯತ್ಯಾಸವಿಷ್ಟೇ, ಅವರ ಊಹೆಯಲ್ಲಿ ಅವರಿಗೆ ಲಾಭವಿತ್ತು!

ಮನೆಗೆ ಬಂದವಳೇ ಉತ್ತರ ಬರೆಯಲು ಕುಳಿತೆ. ಅಪ್ಪ ಎರಡು ಸಲ ಬಾಗಿಲಲ್ಲಿ ಇಣುಕಿ ನೋಡಿದರು.

“ಕೊಂಚ ಪೊರುಮೆಯಾಗಿರು ಕಣ್ಣು, ಆತುರ ಬೇಡ. ಒಂದು ಎಳೆ ಕೈಗೆ ಬಂತು ಅಂತ ಸೀರೆ ಬಣ್ಣ ಇದೇ ಅಂತ ಹೇಳಕ್ಕಾಗತ್ತಾ?”

“ಅಪ್ಪ, ಇದು ನೂಲಲ್ಲ, ಭಾಷೆ,” ಎಂದೆ.

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ನಾನು ಬರೆದ ಆ ಐತಿಹಾಸಿಕ ಪತ್ರವನ್ನು ಇಲ್ಲಿ ಒಂದಕ್ಷರವೂ ಬಿಡದೆ ಕೊಡುತ್ತೇನೆ. ತಪ್ಪಿಸಿಕೊಳ್ಳಲು ನನಗೆ ಹಕ್ಕಿಲ್ಲ.

‘ಮಾನ್ಯರೇ, ನಿಮ್ಮ ಸಂದೇಶ ತಲುಪಿತು. ಈ ಕಾಲದಲ್ಲೂ ಹೆಣ್ಣಿನ ಮನೆಯವರಿಂದ ನಗೆ ಕೇಳುವುದು ಕೇವಲ. ನೀವು ಬಂದ ದಿನ ಅಕ್ಕನಲ್ಲಿ ಕಂಡ ನಗೆ ಅವಳ ಸ್ವಂತದ್ದಲ್ಲ, ನಿಮಗೆ ತೋರಿಸಲು ಒಂದು ದಿನದ ಮಟ್ಟಿಗೆ ತಂದದ್ದು. ನಮ್ಮ ಅಮ್ಮನ ನಗೆ ಬ್ಯಾಂಕ್ ಲಾಕರಿನಲ್ಲಿದೆ. ದೀಪಾವಳಿಗೆ ಒಮ್ಮೆ ಹೊರಗೆ ತೆಗೆಯುತ್ತೇವೆ, ಮರುದಿನವೇ ಒಳಗಿಟ್ಟು ಬೀಗ ಹಾಕುತ್ತೇವೆ. ದಿನವೂ ನಗೆ ತೋರಿಸುತ್ತ ಓಡಾಡಲು ನನ್ನ ಅಕ್ಕ ಅಂಗಡಿಯ ಬೊಂಬೆಯಲ್ಲ. ಅವಳು ನಿಮ್ಮ ಮನೆಗೆ ಬರುವುದಾದರೆ ನಗೆಯಿಲ್ಲದೆಯೇ ಬರುತ್ತಾಳೆ. ನಗೆಯೇ ಮುಖ್ಯವೆಂದಾದರೆ ಬೇರೆ ಹುಡುಗಿಯನ್ನು ನೋಡಿಕೊಳ್ಳಿ. ಇತಿ, ರೇವತಿ.’

‘ಕೇವಲ’ ಎಂದರೆ ತಮಿಳಿನಲ್ಲಿ ತೀರ ಕೀಳು, ನಾಚಿಕೆಗೇಡು. ಕನ್ನಡದಲ್ಲಿ ‘ಬರೀ’ ಎಂದು ಅರ್ಥ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹೀಗಾಗಿ ನನ್ನ ಮೊದಲ ಬಾಣ ‘ನಗೆ ಕೇಳುವುದು ಬರೀ’ ಎಂದು ಅರ್ಧದಲ್ಲೇ ನಿಂತು, ಅವರ ಮನೆಯಂಗಳದಲ್ಲಿ ದಾರಿ ಕೇಳುತ್ತಿತ್ತು.

ಕಾಗದದಲ್ಲಿ ಬರೆದದ್ದರ ಫೋಟೋ ತೆಗೆದು ವಿಮಲಮ್ಮನವರಿಗೆ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಓದಿದರು! ಉತ್ತರವಿಲ್ಲ. ಒಂದು ದಿನ ಕಳೆಯಿತು. ಎರಡು ದಿನ ಕಳೆಯಿತು.

“ಎದುರು ಪಕ್ಷದ ಬಾಯಿ ಮುಚ್ಚಿದೆ,” ಎಂದೆ ನಾನು.

“ಮುಚ್ಚಿದ್ದು ನನ್ನ ಮದುವೆ,” ಎಂದಳು ಅಕ್ಕ. ಅವಳು ಸಿಟ್ಟಿನಿಂದ ಹೇಳಿದ್ದರೆ ವಾದಿಸುತ್ತಿದ್ದೆ. ಹಾಗೆ ಹೇಳಲಿಲ್ಲ. ತಟ್ಟೆ ತೊಳೆಯುತ್ತ, ನೀರಿಗೆ ಹೇಳುವ ಹಾಗೆ ಹೇಳಿದಳು. ನಾಲ್ಕು ಕಪ್ ಗೆದ್ದ ನಾನು ಪಕ್ಕದಲ್ಲಿ ನಿಂತು ತಟ್ಟೆ ಒರೆಸಿದೆ.

ಮೂರನೆಯ ದಿನ ಪ್ರಸನ್ನನೇ ಅಕ್ಕನಿಗೆ ಫೋನ್ ಮಾಡಿದ. ಅವಳು ಸ್ಪೀಕರ್ ಹಾಕಿದಳು.

“ಸುಧಾ, ನಿಮ್ಮನೇಲಿ ಎಲ್ಲ ಸರಿಯಾಗಿದೆ ತಾನೇ? ಯಾರಿಗೂ ಏನೂ ಆಗಿಲ್ವಲ್ಲ?” ಎಂದ ಅವನು. “ಅಮ್ಮ ಆ ಕಾಗದ ಓದಿ ಓದಿ ಸರಿಯಾಗಿ ಊಟಾನೇ ಮಾಡ್ತಿಲ್ಲ. ಪಾಪ ಆ ಮನೆ, ಪಾಪ ಆ ಮನೆ ಅಂತಾರೆ. ಭಾನುವಾರ ಅವರೇ ಬರ್ತಾರಂತೆ.”

‘ಪಾಪ’ ಎಂದದ್ದು ಏಕೆ? ಹಿಂದುಮುಂದು ನೋಡಿದೆ. ನಮ್ಮ ಬಳಿ ಚಿನ್ನ ಕಡಿಮೆಯೆಂದು ಕನಿಕರ! ಇದನ್ನಂತೂ ಬಿಡಲೇಬಾರದು!

ಭಾನುವಾರಕ್ಕೆ ಯುದ್ಧವ್ಯೂಹ ಸಿದ್ಧವಾಯಿತು. ಯಾರ ಮೈಮೇಲೂ ಗುಲಗಂಜಿಯಷ್ಟು ಚಿನ್ನ ಇರಕೂಡದು. ಅಕ್ಕನಿಗೆ ಅಪ್ಪನ ಮಗ್ಗದ ಸಾದಾ ಹತ್ತಿ ಸೀರೆ. ಯಾರೂ ಸಲಿಗೆ ತೋರಿಸಕೂಡದು, ಹಲ್ಲು ಕಿರಿಯಕೂಡದು, ಮುಖ ಬಿಗಿಯಾಗಿರಬೇಕು. ಅಮ್ಮ ಬಳೆಯನ್ನೂ ಬಿಚ್ಚಿಟ್ಟಳು. ನಾವು ಐವರೂ ಹಾಲಿನಲ್ಲಿ ಸಾ ಮಿಲ್ಲಿನ ಹಲಗೆಗಳ ಹಾಗೆ ಸಾಲಾಗಿ ನಿಂತೆವು.

ವಿಮಲಮ್ಮ ಮಗನ ಜೊತೆ ಬಂದರು. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ. ಬಾಗಿಲಲ್ಲೇ ನಿಂತು ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಕಣ್ಣು ತುಂಬಿತು. ಒಳಗೆ ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡು ಕುಳಿತರು.

“ಯಾವಾಗಿನಿಂದ ಹೀಗೆ?” ಎಂದು ಮೆಲ್ಲಗೆ ಕೇಳಿದರು.

ಅಮ್ಮ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಸತ್ಯ ಹೇಳು!

“ಮದುವೆಯಾದಾಗಿನಿಂದಾನೂ ಲಾಕರ್‌ನಲ್ಲೇ ಇಡೋದು ವಿಮಲಮ್ಮ,” ಎಂದಳು ಅಮ್ಮ.

“ಅಯ್ಯೋ! ಅಷ್ಟು ಕಷ್ಟಾನಾ ತಾಯಿ?”

“ಕಷ್ಟ ಏನಿಲ್ಲ. ಮನೆಯಲ್ಲಿಟ್ರೆ ಭಯ. ಕಳ್ಳಕಾಕರ ಕಾಲ.”

“ಕಳ್ಳರು…?” ವಿಮಲಮ್ಮ ಮಗನ ಮುಖ ನೋಡಿದರು. ಪ್ರಸನ್ನ ಅಕ್ಕನ ಮುಖ ನೋಡಿದ. “ವರ್ಷಕ್ಕೆ ಒಂದೇ ಸಲ ಅಂತ ಬರೆದಿತ್ತು…”

“ದೀಪಾವಳಿಗೆ. ಆಮೇಲೆ ಸೊಂದಕಾರರ, ಅದೇ ನೆಂಟರ, ಮನೆ ಮದುವೆ ಇದ್ರೆ ಹಾಕ್ಕೊಂಡು ಹೋಗ್ತೀನಿ. ವಾಪಸ್ ಬಂದ ತಕ್ಷಣ ಕಳಚಿಟ್ಟುಬಿಡ್ತೀನಿ.”

ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಂತರ ಅಜ್ಜಿಯ ಕಡೆ ತಿರುಗಿ ಗಟ್ಟಿಯಾಗಿ, “ಅಜ್ಜಿ, ಅವತ್ತು ನೀವಾದರೂ ಚೆನ್ನಾಗಿದ್ರಲ್ಲ. ನಿಮಗೇನಾಯ್ತು?” ಎಂದರು.

ಅಜ್ಜಿಗೆ ವಿಷಯ ಒಡವೆಯದೆಂದು ನಾನು ಮೊದಲೇ ತಿಳಿಸಿದ್ದೆನಲ್ಲ!

“ನನ್ನದೇನೈತೆ ತಾಯಿ. ಅರ್ಧ ಕುನ್ನತ್ತೂರಿನಾಗಿರೋ ಮಗಳಿಗೆ ಕೊಟ್ಟೆ, ಅರ್ಧ ಈ ಸೊಸೆಗೆ ಕೊಟ್ಟೆ. ಈಗ ನನ್ನತ್ರ ಒಂದು ಗುಂಡೂ ಇಲ್ಲ.”

ಅಪ್ಪನ ಕಾಲು ಚಪ್ಪಲಿಗಾಗಿ ತಡಕಾಡಿತು. ವಿಮಲಮ್ಮ ಗೊಂದಲದಿಂದ ಒಬ್ಬೊಬ್ಬರನ್ನೇ ನೋಡುತ್ತಿದ್ದರು. ಇದೇ ಸಮಯವೆಂದು ನಾನು ಒಂದು ಹೆಜ್ಜೆ ಮುಂದೆ ಬಂದೆ. ಗಂಟಲು ಸರಿಪಡಿಸಿಕೊಂಡೆ.

“ವಿಮಲಮ್ಮನವರೇ, ನಾವು ಸುಮ್ಮನೆ ಇಲ್ಲ ಅಂದವರಲ್ಲ. ನೀವು ಕೇಳಿದ್ದನ್ನ ಅಂಗಡಿಗೆ ಹೋಗಿ ವಿಚಾರಿಸಿಯೇ ಬಂದಿದ್ದೇವೆ. ಒಂದು ಗುಳಿಕೆನ್ನೆ ಮಾಡಿಸೋಕೆ ಎಂಟು ಪವನ್ ಬೇಕಂತೆ! ಅದಕ್ಕಿಂತ ಕಮ್ಮಿಯಾದರೆ ಎದ್ದು ಕಾಣಲ್ಲವಂತೆ! ಇದು ನ್ಯಾಯವೇ?”

ವಿಮಲಮ್ಮನವರ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

“ಗುಳಿಕೆನ್ನೆ… ಮಾಡಿಸೋಕಾ? ಎಂಟು ಪವನ್‌ನಲ್ಲಾ?”

“ಹೌದು. ಕರ್ನಾಟಕಾ ಮಾಡಲ್,” ಎಂದೆ.

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣುಗಳು ನನ್ನ ಮೇಲೆ ನಿಂತವು. ತಪ್ಪು ಎಲ್ಲಿದೆಯೆಂದು ಅವು ಹುಡುಕುತ್ತಿದ್ದವು. ಸಿಕ್ಕಿತು.

“ಮಗು,” ಎಂದರು, “ನಗೆ ಅಂದರೆ ನಿಮ್ಮ ಮನೇಲಿ ಏನು?”

ನಾನು ಉತ್ತರಿಸುವ ಮೊದಲೇ ಅಮ್ಮ ಬರಿದಾದ ತನ್ನ ಕತ್ತನ್ನು ಮುಟ್ಟಿ ತೋರಿಸಿದಳು.

“ಒಡವೆನಾ!” ವಿಮಲಮ್ಮ ಚೀರಿದರು. “ಅಯ್ಯೋ ದೇವರೇ, ನಗೆ ಅಂದರೆ ನಗು ಕಣ್ರೀ, ನಗು! ಗುಳಿಕೆನ್ನೆ ಅಂದರೆ ನಕ್ಕಾಗ ಕೆನ್ನೇಲಿ ಗುಳಿ ಬೀಳುತ್ತಲ್ಲ, ಅದು! ಅವತ್ತು ಈ ಹುಡುಗಿ ನಕ್ಕಳಲ್ಲ, ಅಜ್ಜೀನೂ ನಕ್ಕರಲ್ಲ, ಇಬ್ಬರಿಗೂ ಒಂದೇ ಥರ ಗುಳಿ! ಅದನ್ನೇ ನಾನು ಬರೆದದ್ದು!”

ಅಜ್ಜಿಗೆ ಈ ಸಲ ಎಲ್ಲವೂ ಕೇಳಿಸಿತು.

“ನಗೆಯಾ? ಪಾವಿ ಮಗಳೇ!” ಎಂದು ನನ್ನ ಕಡೆ ತಿರುಗಿದಳು. “ನಗ್ಯಾಡೋ ನಗೆ! ನನ್ನವ್ವ ಹಾಡಿನಾಗೆ ಹೇಳ್ತಿದ್ಳು ಆ ಮಾತ. ನನ್ನ ಕೇಳಬಾರ್ದಾಗಿತ್ತೇನೇ?”

ಮೊದಲು ನಕ್ಕವಳು ಅಕ್ಕ. ಒಂದು ವಾರದಿಂದ ಒಳಗೇ ಇದ್ದ ನಗು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ನಾನು ಹುಟ್ಟಿದಾಗಿನಿಂದ ನೋಡುತ್ತ ಬಂದು, ಹೆಸರು ಮಾತ್ರ ಗೊತ್ತಿಲ್ಲದ ವಸ್ತು ಅಲ್ಲಿ ಕಂಡಿತು. ಎಂಟು ಪವನ್ನಿನ ಗುಳಿಕೆನ್ನೆ, ಆರ್ಡರಿಲ್ಲ, ಕೂಲಿಯಿಲ್ಲ, ಅಕ್ಕನ ಎಡಗಲ್ಲದ ಮೇಲೆ ರೆಡಿ ಸ್ಟಾಕ್! ಅಜ್ಜಿಯ ಸುಕ್ಕುಗಳ ನಡುವೆ ಅದರ ಹಳೆಯ ಮಾಡಲ್ಲು. ಪ್ರಸನ್ನ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡಿದ್ದ. ಅಪ್ಪನಂತೂ ಮೊದಲ ಬಾರಿಗೆ ಚಪ್ಪಲಿಯನ್ನು ಮರೆತು ನಕ್ಕರು.

“ನಾನು ಮೊದಲು ಅದನ್ನ ಹೊಸ ಥರದ ಕವಿತೆ ಅಂದುಕೊಂಡೆ,” ಎಂದರು ವಿಮಲಮ್ಮ ಕಣ್ಣೊರೆಸಿಕೊಳ್ಳುತ್ತ. “ಅಮ್ಮನ ನಗೆ ಲಾಕರಿನಲ್ಲಿದೆ ಅನ್ನೋ ಸಾಲಿಗೆ ನನ್ನ ಎದೆ ಒಡೆದುಹೋಯ್ತು. ನಮ್ಮ ಯಜಮಾನರು, ಹುಡುಗಿ ಬೇಕೇ ಬೇಕು, ಆ ಮನೆಯಿಂದ ಅವಳನ್ನ ಮೊದಲು ಕರಕೊಂಡು ಬಾ ಅಂತ ಹಟ ಹಿಡಿದುಬಿಟ್ಟರು!”

ಅಂದರೆ ನನ್ನ ಪತ್ರದಿಂದ ಮದುವೆ ಮುರಿಯುವ ಬದಲು ಇನ್ನೂ ಗಟ್ಟಿಯಾಗಿತ್ತು. ಇದನ್ನು ನನ್ನ ಖಾತೆಗೆ ಬರೆದುಕೊಳ್ಳಬೇಕೆಂದು ವಾದಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊರಡುವ ಮೊದಲು ವಿಮಲಮ್ಮ ಕೈಚೀಲದಿಂದ ನನ್ನ ಪತ್ರದ ಪ್ರಿಂಟು ತೆಗೆದರು. ಜೊತೆಗೆ ಕೆಂಪು ಪೆನ್ನು! ನಿವೃತ್ತರಾದರೂ ಪೆನ್ನು ಬಿಟ್ಟಿರಲಿಲ್ಲ. ‘ಕೇವಲ’ಕ್ಕೆ ಸುತ್ತು ಹಾಕಿದರು, ಕೆಳಗೆ ಒಂದು ಸಾಲು ಬರೆದು ನನ್ನ ಕೈಗೆ ಕೊಟ್ಟರು. ‘ಅಕ್ಷರ ದುಂಡಗಿದೆ. ಪತ್ರ ಮಾತ್ರ ದೊಡ್ಡ ಪ್ರಮಾದ!’

ಪ್ರಮಾದ! ನನ್ನ ಎದೆ ಉಬ್ಬಿತು. ನಮ್ಮೂರಿನಲ್ಲಿ ಊಟ ಅದ್ಭುತವಾಗಿದ್ದರೆ, ಹಾಡು ಸೊಗಸಾಗಿದ್ದರೆ ‘ಪ್ರಮಾದಂ!’ ಎನ್ನುತ್ತಾರೆ. ಸಂದರ್ಭವೂ ಸರಿಯಾಗಿತ್ತು. ಎಲ್ಲರೂ ನಗುತ್ತಿದ್ದರು, ಮಿಠಾಯಿ ಹಂಚುತ್ತಿದ್ದರು, ಅವರು ನನ್ನ ಬೆನ್ನು ತಟ್ಟಿ ಬೇರೆ ಹೋಗಿದ್ದರು. ಕೂಡಲೇ ಆ ಸಾಲಿನ ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಮರುದಿನ ತರಗತಿಯಲ್ಲಿ, ಮೂವತ್ತು ವರ್ಷದ ಅನುಭವವಿರುವ ಒಬ್ಬ ಶಿಕ್ಷಕಿ ನನ್ನ ಬರವಣಿಗೆಯ ಬಗ್ಗೆ ಏನೆಂದರು ಗೊತ್ತೇ ಎಂದು ಶುರುಮಾಡಿ ಕಾಲುಗಂಟೆ ಮಾತಾಡಿದೆ.

ಮಧ್ಯಾಹ್ನ ಪ್ರಸನ್ನನ ಫೋನು ಬಂತು.

“ರೇವತಿ, ಆ ಸ್ಟೇಟಸ್ಸು… ಬೇಕಂತಲೇ ಹಾಕಿದ್ದಾ?”

“ಯಾಕೆ ಭಾವ? ಹೊಗಳಿಕೆ ತಾನೇ?”

ಆ ಕಡೆಯಿಂದ ನಗುವೊಂದು ಕೆಮ್ಮಿನ ವೇಷ ಹಾಕಿಕೊಂಡು ಬಂತು.

“ಕನ್ನಡದಲ್ಲಿ ಪ್ರಮಾದ ಅಂದ್ರೆ ತಪ್ಪು,” ಎಂದ. “ದೊಡ್ಡ ಪ್ರಮಾದ ಅಂದ್ರೆ… ಹೋಗ್ಲಿ ಬಿಡು.”

ಅಂದಿನಿಂದ ವಾರಕ್ಕೆರಡು ದಿನ ವಿಮಲಮ್ಮನವರು ಫೋನಿನಲ್ಲಿ ನನಗೆ ಕನ್ನಡ ಪಾಠ ಮಾಡುತ್ತಿದ್ದಾರೆ. ಈ ಬರಹವನ್ನೂ ಅವರೇ ತಿದ್ದಿದ್ದು. ತರಗತಿಯಲ್ಲಿ ಈಗಲೂ ಸುಳಿವು ಹಿಡಿಯಿರಿ ಎಂದೇ ಹೇಳುತ್ತೇನೆ, ಆದರೆ ಕೊನೆಗೆ ಒಂದು ಮಾತು ಸೇರಿಸುತ್ತೇನೆ: ‘ಮನೆಯಲ್ಲಿ ಅಜ್ಜಿ ಇದ್ದರೆ ಮೊದಲು ಅವರನ್ನು ಕೇಳಿ.’

ಮೊನ್ನೆ ಮದುವೆಯ ದಿನ ಗೊತ್ತಾಯಿತು. ಲಗ್ನಪತ್ರಿಕೆಯನ್ನು ತಮಿಳಿನಲ್ಲೊಂದು, ಕನ್ನಡದಲ್ಲೊಂದು ಅಚ್ಚು ಹಾಕಿಸಬೇಕೆಂದು ತೀರ್ಮಾನವಾಯಿತು.

“ಕನ್ನಡದ್ದು ಯಾರ್ ಬರೀತಾರೆ?” ಎಂದರು ಅಪ್ಪ.

ನಾನು ಗಂಟಲು ಸರಿಪಡಿಸಿಕೊಂಡು ಪೆನ್ನಿನ ಮುಚ್ಚಳ ತೆಗೆದೆ. ಅಪ್ಪ ಫ್ಯಾನಿನ ಕಡೆ ನೋಡಿದರು. ಅಮ್ಮ ಒಲೆಯ ಮೇಲೆ ಹಾಲಿದೆಯೆಂದು ಎದ್ದಳು. ಒಲೆ ಹಚ್ಚಿಯೇ ಇರಲಿಲ್ಲ. ಅಜ್ಜಿಗೆ ಇದ್ದಕ್ಕಿದ್ದಂತೆ ಕಿವಿ ಪೂರ್ತಿ ಕೇಳಿಸದಾಯಿತು. ಅಕ್ಕ ಗುಳಿ ಬೀಳದಂತೆ ತುಟಿ ಬಿಗಿಹಿಡಿದು, ಫೋನಿನಲ್ಲಿ ಅತ್ತೆಯ ನಂಬರ್ ಹುಡುಕುತ್ತಿದ್ದಳು.

ಯಾರೂ ಒಂದು ಪದವನ್ನೂ ಆಡಲಿಲ್ಲ. ಆದರೂ ನಾನು ಅಕ್ಕಪಕ್ಕ ನೋಡಿ ಅರ್ಥ ಮಾಡಿಕೊಂಡೆ. ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿದೆ.

ಈ ಸಲ ನನ್ನ ಊಹೆ ನೂರಕ್ಕೆ ನೂರು ಸರಿಯಾಗಿತ್ತು!